ಕೂದಲ ತುದಿಗೆ ಬಂದ ದಿನ

ನಂಬಲ್ಲ ಅಂತ ಮುಖ ಸಿಂಡರಿಸಿಕೊಂಡು ಹಿಂದೆ ಕೂತಿರುವವರು ಮುಂದೆ ಬನ್ನಿ, ಈ ಕತೆ ನಿಮಗೇ. ನಂಬುವವರಿಗೆ ಯಾರು ಬೇಕಾದರೂ ಕತೆ ಹೇಳುತ್ತಾರೆ, ಅದರಲ್ಲಿ ಏನು ಹೆಚ್ಚುಗಾರಿಕೆ? ಕೊನೆಯವರೆಗೂ ಕೇಳಿ. ಆಮೇಲೆ ಎದ್ದು ನಿಂತು, ಎದೆ ಮುಟ್ಟಿಕೊಂಡು, "ಇದು ಸುಳ್ಳು" ಅನ್ನಿ ನೋಡೋಣ. ಹಾಗೆ ಅನ್ನುವ ಗಂಡು ಈ ಸುತ್ತಿನ ಏಳು ಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಒಂದು ಊರಿತ್ತು. ಆ ಊರಲ್ಲಿ ಆದದ್ದೆಲ್ಲ ಕೂದಲಲ್ಲಿ ಉಳಿಯುತ್ತಿತ್ತು.

ನಮ್ಮ ಹಾಗೆ ನೆನಪನ್ನು ತಲೆಯೊಳಗೆ ತುಂಬಿಕೊಳ್ಳುವ ಅಭ್ಯಾಸ ಅಲ್ಲಿನವರಿಗೆ ಇರಲಿಲ್ಲ. ಇವತ್ತು ಆದದ್ದು ಬುಡದಲ್ಲಿ. ಹೋದ ವರ್ಷದ್ದು ಕತ್ತಿನ ಹತ್ತಿರ. ಅದರ ಹಿಂದಿನದು ಹೆಗಲ ಮೇಲೆ. ಸೊಂಟಕ್ಕೆ ಇಳಿಯುವ ಹೊತ್ತಿಗೆ ಐದು ವರ್ಷ, ಮಂಡಿಗೆ ಬಂದರೆ ಎಂಟು. ಕೂದಲು ವರ್ಷಕ್ಕೊಂದು ಚೋಟು ಬೆಳೆಯುತ್ತದೆ, ಬದುಕು ವರ್ಷಕ್ಕೊಂದು ಚೋಟು ಕೆಳಗಿಳಿಯುತ್ತದೆ. "ಆ ಮದುವೇಲಿ ಪಾಯಸಕ್ಕೆ ಬೆಲ್ಲ ಕಮ್ಮಿ ಇತ್ತಾ?" ಅಂತ ಯಾರಾದರೂ ಕೇಳಿದರೆ, ಕೇಳಿಸಿಕೊಂಡವರು ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಬೆರಳಲ್ಲಿ ಇಳಿಯುತ್ತ ಇಳಿಯುತ್ತ ಹೋಗಿ ಆ ಜಾಗ ಹಿಡಿದು, "ಕಮ್ಮಿನೇ. ಏಲಕ್ಕಿನೂ ಹಾಕಿರ್ಲಿಲ್ಲ" ಅನ್ನುವರು. ಮುದುಕರ ಕೂದಲು ನೆಲಕ್ಕೆ ಬಿದ್ದು ಎಳೆದಾಡುವಷ್ಟು ಉದ್ದ. ಅದನ್ನು ಸುರುಳಿ ಸುತ್ತಿ ಬುಟ್ಟಿಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡೇ ಅವರು ಓಡಾಡಬೇಕು. ಊರ ಹಿರಿಯನಿಗೆ ಬುಟ್ಟಿತಾತ ಅಂತಲೇ ಹೆಸರು.

ಆದರೆ ಕೂದಲು ಅಂದಮೇಲೆ ತುದಿ ಸೀಳದೆ ಇರುತ್ತದೆಯೇ? ಆ ಊರಲ್ಲಿ ತುದಿ ಸೀಳಿದರೆ ದಿನ ಸೀಳುತ್ತಿತ್ತು. ಒಂದು ದಿನ ಎರಡಾಗುತ್ತಿತ್ತು. ಎರಡೂ ಆದದ್ದೇ ಅನ್ನಿಸುತ್ತಿತ್ತು, ಎರಡೂ ಒಂದೇ ಬಾಯಿಂದ ಹೊರಡುತ್ತಿದ್ದವು. ಸೀಳಿದ್ದನ್ನು ಹಾಗೇ ಬಿಟ್ಟರೆ ಸೀಳು ಸುಮ್ಮನೆ ಕೂರದೆ ಮೇಲಕ್ಕೆ ಹತ್ತುತ್ತಿತ್ತು.

ಅದಕ್ಕೇ ಚಿಪ್ಪಿನಜ್ಜಿ ಇದ್ದಳು. ಹೊಳೆಯ ಚಿಪ್ಪನ್ನು ಕಲ್ಲಿಗೆ ಮಸೆದು ಮಸೆದು ಕೂದಲು ಸೀಳುವಷ್ಟು ಹರಿತ ಮಾಡಿಕೊಂಡು ಅಮಾವಾಸ್ಯೆಗೊಮ್ಮೆ ಮನೆಮನೆಗೆ ಬರುವಳು. ತಿಂಗಳಿಗೆ ಕೂದಲು ಎರಡು ಅಕ್ಕಿಕಾಳಿನಷ್ಟು ಬೆಳೆದರೆ, ಅವಳು ಒಂದು ಕಾಳಿನಷ್ಟು ಕೊಯ್ಯುವಳು. ಕೊಯ್ದಷ್ಟು ದಿನ ಹೋಯಿತು, ಆ ದಿನದ ಬಗ್ಗೆ ಆಮೇಲೆ ಆಡಿದ ಮಾತೂ ಅದರ ಜೊತೆಗೇ ಹೋಯಿತು. ಹೋದದ್ದರ ಬಗ್ಗೆ ಯಾರೂ ಅಳುತ್ತಿರಲಿಲ್ಲ, ಹೋದದ್ದೇನು ಅಂತ ಗೊತ್ತಿದ್ದರಲ್ಲವೇ ಅಳುವುದು! ಚರ್ ಅಂತ ಕೊಯ್ದು, ಬೆನ್ನು ತಟ್ಟಿ, "ಹಗುರಾದೆ, ಹೋಗು" ಅನ್ನುವಳು. ಅವರು ಹಗುರಾಗಿ ಹೋಗುವರು.

ಎಲ್ಲರೂ ಹೋಗುವರು, ಒಬ್ಬನನ್ನು ಬಿಟ್ಟು.

ಅವನು ಮಂಡಿಜಡೆ. ಊರಿನ ಹುಡುಗರಲ್ಲೆಲ್ಲ ಉದ್ದದ ಜಡೆ ಅವನದು, ಮಂಡಿ ದಾಟಿ ಒಂದು ಬೆರಳು ಕೆಳಗೆ. ಆಳೂ ಅದಕ್ಕೆ ತಕ್ಕ ಹಾಗೆ: ಬೀದಿಯಲ್ಲಿ ನಡೆದರೆ ಬೀದಿ ಸಾಲದು, ಜಗಲಿಯಲ್ಲಿ ಕೂತರೆ ಜಗಲಿ ಸಾಲದು. ಹೊಳೆಯಲ್ಲಿ ಮಿಂದು ಬಂದರೆ ದೊರಗು ವಸ್ತ್ರದಿಂದ ಜಡೆಗೆ ಫಟ್ ಫಟ್ ಅಂತ ಹೊಡೆದು ಒಣಗಿಸುವನು, ಆಚೆ ಬೀದಿಗೂ ಕೇಳಬೇಕು. ಒದ್ದೆ ಕೂದಲಿಗೇ ಬಾಚಣಿಗೆ ಹಾಕಿ ಬುಡದಿಂದ ತುದಿಗೆ ಒಂದೇ ಎಳೆತಕ್ಕೆ ಎಳೆಯುವನು. ಆಮೇಲೆ ಸೆಣಬಿನ ದಾರದಿಂದ ಎತ್ತಿಗೆ ಕಟ್ಟಿದ ಹಾಗೆ ಬಿಗಿದು ಕಟ್ಟುವನು. ನಡುವೆ ತುಂಡಾದ ಎಳೆಗಳಿಗೆ ಲೆಕ್ಕವಿಲ್ಲ. ಹೋದ ವಾರ ಎಕ್ಕಡ ಎಲ್ಲಿ ಬಿಟ್ಟೆ, ಯಾರ ಹತ್ತಿರ ಕೊಡಲಿ ಇಸಕೊಂಡೆ ಅನ್ನುವುದು ಅವನಿಗೆ ಎಂದೂ ಗೊತ್ತಿರುತ್ತಿರಲಿಲ್ಲ.

"ಒದ್ದೆ ಕೂದ್ಲು ಎಳೇ ಮಗು ಇದ್ದಂಗೆ ಕಣ್ಲಾ," ಅಂತ ಅಜ್ಜಿ ಹೇಳುವಳು. "ನೆರಳಲ್ಲಿ ಆರಕ್ಕೆ ಬಿಡು. ತುದಿಯಿಂದ ಬಿಡಿಸ್ಕಂಡು ಮೇಲಕ್ಕೆ ಹೋಗು. ಒಂಚೂರು ಎಣ್ಣೆ ಮುಟ್ಸು."

"ಅದು ಹೆಂಗಸ್ರ ಕೂದ್ಲಿಗೆ ಅಜ್ಜಿ. ಇದು ಗಂಡು ಕೂದ್ಲು."

"ಕೂದ್ಲಲ್ಲಿ ಗಂಡು ಹೆಣ್ಣು ನನಗಂತೂ ಕಂಡಿಲ್ಲ. ಬಾ, ತುದಿ ಕೊಡು."

"ಮುಂದಿನ ಅಮಾಸೆಗೆ."

ಹೀಗೆ ಹನ್ನೆರಡು ಅಮಾವಾಸ್ಯೆ ತಪ್ಪಿಸಿಕೊಂಡ. ಯಾಕೆ ಅಂದರೆ ಅವನ ಜಡೆಯ ತುದಿಗೆ ಈಗ ಬಂದಿದ್ದದ್ದು ಗುಂಡಿನ ದಿನ.

ಹದಿಮೂರನೇ ವಯಸ್ಸಲ್ಲಿ ಅವನು ಬೆಟ್ಟದಿಂದ ಊರ ಮೇಲೆ ಉರುಳಿ ಬರುತ್ತಿದ್ದ ಆನೆಗಾತ್ರದ ಗುಂಡುಕಲ್ಲಿಗೆ ಎದೆಕೊಟ್ಟು ನಿಲ್ಲಿಸಿದ್ದ. ಹಾಗಂತ ಅವನೇ ಹೇಳಿದ್ದು. ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದ. ಜಡೆಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, "ಗುಂಡು ಬಂತು!" ಅಂತ ಶುರು ಮಾಡಿದರೆ ಕರುಗಳೂ ಮೇವು ಬಿಟ್ಟು ಕೇಳುತ್ತಿದ್ದವು. ಆ ತುದಿ ಕೊಯ್ದರೆ ಗುಂಡು ಹೋಯಿತು. ಗುಂಡು ಹೋದರೆ ತಾನೇನು ಉಳಿದೆ ಅಂತ ಅವನ ಭಯ. ಭಯ ಅಂತ ಅವನ ಮುಂದೆ ಹೇಳಬೇಡಿ, ಹೊಡೆದುಬಿಟ್ಟಾನು.

ತುದಿ ಸೀಳಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಅವನು ರಾಗಿಗಂಜಿ ಬಳಿದು ಅಂಟಿಸಿದ. ಒಣಗಿದಾಗ ತುದಿ ನಯವಾಗಿ ಹೊಳೆಯಿತು. "ನೋಡಿ, ಸೀಳೇ ಇಲ್ಲ!" ಅಂತ ಊರೆಲ್ಲ ತೋರಿಸಿಕೊಂಡು ಬಂದ. ಗಂಜಿಗೆ ಎರಡು ದಿನದ ಆಯುಸ್ಸು. ಬೆವರಿದ ಕೂಡಲೇ ಬಿಟ್ಟುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಗಾಣದ ಮನೆಯ ಮುಂದೆ ಎಣ್ಣೆಗೆ ಬಂದವರು ಸಾಲಾಗಿ ನಿಂತಿದ್ದರು. ಗಾಣದ ಮನೆ ಹುಡುಗಿ ಎತ್ತಿನ ಹಿಂದೆ ಸುತ್ತು ಹಾಕುತ್ತಿದ್ದಳು. ಅವಳ ಜಡೆ ಇವನದಕ್ಕಿಂತ ಒಂದು ಬೆರಳಷ್ಟೇ ಗಿಡ್ಡ. ಕನ್ನಡಿ ಹಾಗೆ ಮಿರಮಿರ ಅನ್ನುವ, ಎಣ್ಣೆಯಲ್ಲೇ ಹುಟ್ಟಿ ಬೆಳೆದ ಜಡೆ. ಅವಳು ಇದ್ದಾಳೆ, ಜನ ಇದ್ದಾರೆ, ಇನ್ನೇನು ಬೇಕು? ಮಂಡಿಜಡೆ ತುದಿ ಹಿಡಿದ.

"ಗುಂಡು ಬಂತು! ಆನೆಗಾತ್ರ! ನಾನು ಎದೆ ಕೊಟ್ಟೆ. ಆ ಬೀಸೋ ಕಲ್ಲು ಬಂದು..."

"ಬೀಸೋ ಕಲ್ಲಾ?" ಅಂದಳು ಹುಡುಗಿ.

"ಗುಂಡು! ಗುಂಡು ಅಂದೆ. ಬಂದು ನನ್ನ ಎದೆಗೆ ಬಡಿದಾಗ ಆ ಹಲಸಿನಹಣ್ಣು..." ಅವನು ಬಾಯಿ ಮುಚ್ಚಿಕೊಂಡ. ಮಾತು ಕೈಯನ್ನು ತಳ್ಳಿಕೊಂಡು ಹೊರಗೆ ಬಂತು. "ಆ ಕುಂಬಳಕಾಯಿ ಅಲ್ಲೇ ನಿಂತ್ಕಂತು!"

ಸಾಲಲ್ಲಿ ನಿಂತವರ ಕೈಯಲ್ಲಿ ಎಣ್ಣೆಯ ಗಡಿಗೆಗಳು ಕುಣಿದವು. ಎತ್ತೂ ನಕ್ಕಿತು ಅಂತ ಹೇಳುತ್ತಾರೆ, ಅಷ್ಟು ಬೇಡ ಬಿಡಿ.

"ಆಮೇಲೆ ಹುಳಿ ಮಾಡಿದ್ರಾ, ಪಲ್ಯ ಮಾಡಿದ್ರಾ?" ಅಂದಳು ಹುಡುಗಿ.

ಅವನು ಜಡೆಯ ತುದಿಯನ್ನು ಬೆನ್ನ ಹಿಂದೆ ಸರಿಸಿದ. ಜನ ಕರಗಿದ ಮೇಲೆ ಅವಳು ಎತ್ತು ನಿಲ್ಲಿಸಿ ಹತ್ತಿರ ಬಂದಳು. ನಗು ಇರಲಿಲ್ಲ.

"ಏನಯ್ಯ, ನಾವು ಬೇಗ ಜಡೆ ಹೊಂದಿಸ್ಕಂಬಿಡಾನ."

"ಅಷ್ಟು ಅವಸರಾನಾ ನನ್ನ ಕಟ್ಕಳಕ್ಕೆ?" ಅಂತ ಅವನು ಮೀಸೆ ತಿರುವಿದ.

"ಅವಸರಾನೇ," ಅಂದಳು. ಯಾಕೆ ಅಂತ ಹೇಳಲಿಲ್ಲ. ಅವನೂ ಕೇಳಲಿಲ್ಲ. ಇಂಥವನಿಗೆ ಅವಸರ ಪಡದ ಹೆಣ್ಣು ಯಾರಿದ್ದಾಳೆ ಅಂತ ಅವನ ಎಣಿಕೆ.

ಆ ಊರಲ್ಲಿ ಮದುವೆ ಅಂದರೆ ಜಡೆ ಹೊಂದಿಸುವುದು. ಗಂಡು ಹೆಣ್ಣು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ತಾವಿಬ್ಬರೂ ಮೊದಲ ಸಲ ಮಾತಾಡಿದ ದಿನವನ್ನು ತಮ್ಮ ತಮ್ಮ ಕೂದಲಲ್ಲಿ ಹುಡುಕಿ ಹಿಡಿದು ಹೇಳಬೇಕು. ಇಬ್ಬರೂ ಹೇಳಿದ್ದು ಹೊಂದಿದರೆ ಎರಡೂ ಜಡೆಯನ್ನು ಸೇರಿಸಿ ಹೆಣೆಯುವರು. ಹೊಂದದಿದ್ದರೆ ಎದ್ದು ಅವರವರ ಮನೆಗೆ ಹೋಗಬೇಕು, ಇನ್ನೊಮ್ಮೆ ಕೂರುವಂತಿಲ್ಲ.

ಮಂಡಿಜಡೆಗೂ ಗಾಣದ ಹುಡುಗಿಗೂ ಮೊದಲ ಮಾತು ಆದದ್ದು ಗುಂಡಿನ ದಿನವಾಗಿ ಒಂದೂವರೆ ತಿಂಗಳಿಗೆ. ಅಂದರೆ ಅವನ ಜಡೆಯ ತುದಿಯಿಂದ ಒಂದು ಬೆರಳಗಲ ಮೇಲೆ. ಆ ದಿನವನ್ನು ಅವನು ಯಾರಿಗೂ ಹೇಳಿದವನಲ್ಲ. ಅದರಲ್ಲಿ ಜಂಬ ಕೊಚ್ಚುವಂಥದ್ದೇನೂ ಇರಲಿಲ್ಲ. ಒಬ್ಬನೇ ಇದ್ದಾಗ ಬೆರಳಲ್ಲಿ ಮುಟ್ಟಿ ನೋಡಿಕೊಂಡು ಸುಮ್ಮನಾಗುವನು.

ಅವತ್ತೂ ಮನೆಗೆ ಬಂದು ಮುಟ್ಟಿ ನೋಡಿದ. ಆ ದಿನ ಇತ್ತು, ಸರಿಯಾಗೇ ಇತ್ತು. ಅದರ ಹಿಂದಿನ ದಿನ ಮುಟ್ಟಿದ. ಸಂಜೆ ಅವ್ವ ರೊಟ್ಟಿ ತಟ್ಟಿದ್ದಳು. ಅದೇ ಸಂಜೆ, ಅದೇ ಒಲೆಯಲ್ಲಿ, ಅವ್ವ ಮುದ್ದೆ ಕಟ್ಟಿದ್ದಳು. ಎರಡನ್ನೂ ಅವನು ಹೊಟ್ಟೆತುಂಬ ಉಂಡಿದ್ದ.

"ಅವ್ವಾ, ಎಂಟು ವರ್ಷದ ಹಿಂದೆ ರೊಟ್ಟಿನಾ ಮುದ್ದೆನಾ?" ಅಂತ ಕೂಗಿದ.

"ಯಾವತ್ತು ಅಂತ ಹೇಳ್ದೆ ಕೇಳಿದ್ರೆ ಎರಡೂನೂವೆ," ಅಂದಳು ಅವ್ವ ಒಳಗಿಂದ.

ಸೀಳು ಹತ್ತಿಕೊಂಡು ಹತ್ತಿಕೊಂಡು ಹಿಂದಿನ ಸಂಜೆಯವರೆಗೆ ಬಂದು ನಿಂತಿತ್ತು. ಇನ್ನೊಂದು ಮೆಟ್ಟಿಲು ಹತ್ತಿದರೆ ಗಾಣದ ದಿನವೇ ಎರಡಾಗುತ್ತದೆ. ಜಡೆ ಹೊಂದಿಸಲು ಕೂತು, ಬಾಯಿ ಬಿಟ್ಟು, ಎರಡು ಕತೆ ಹೇಳಿದರೆ ಮುಗಿಯಿತು.

ಜಡೆ ಹೊಂದಿಸುವುದು ಅಮಾವಾಸ್ಯೆಯ ಮಾರನೆಯ ದಿನ ಅಂತ ಗೊತ್ತಾಯಿತು. ಅಮಾವಾಸ್ಯೆಯ ಬೆಳಗ್ಗೆ ಚಿಪ್ಪಿನಜ್ಜಿ ಬಾಗಿಲಿಗೆ ಬರುವ ಮೊದಲೇ ಅವನು ಅಜ್ಜಿಯ ಬಾಗಿಲಲ್ಲಿ ನಿಂತಿದ್ದ.

ಅಜ್ಜಿ ತುದಿಯನ್ನು ನೀರಲ್ಲಿ ಅದ್ದಿದಳು. ಗಂಜಿ ಬೆಳ್ಳಗೆ ಬಿಟ್ಟುಕೊಂಡಿತು. ಪೊರಕೆ ಕಡ್ಡಿ ಬಿಚ್ಚಿದ ಹಾಗೆ ತುದಿ ನಾಲ್ಕು ಕಡೆ ಬಿಚ್ಚಿಕೊಂಡಿತು. ಅಜ್ಜಿ ಬಿಸಿಲಿಗೆ ಹಿಡಿದು ನೋಡಿದಳು.

"ಒಂದು ಎಳ್ಳುಕಾಳಿನಷ್ಟು ಜಾಗ ಉಳದದೆ. ಅಲ್ಲಿಗೆ ಕೊಯ್ದರೆ ಗಾಣದ ದಿನ ಉಳೀತದೆ. ಕೆಳಗಿನದೆಲ್ಲ ಹೋಯ್ತದೆ."

"ಗುಂಡು?"

"ಮೊದಲು ಹೋಗೋದೇ ಅದು."

"ಅದೊಂದನ್ನ ಅಂಟಿಸಿ ಉಳಿಸಕ್ಕಾಗಲ್ವಾ ಅಜ್ಜಿ? ನಿನಗೆ ಏನಾದ್ರೂ ಮದ್ದು ಗೊತ್ತಿರ್ತದೆ."

"ಸೀಳಿದ ಕೂದ್ಲು ಕೂಡೋ ಮದ್ದು ನಮ್ಮಜ್ಜಿಗೂ ಗೊತ್ತಿರ್ಲಿಲ್ಲ, ಅವರಜ್ಜಿಗೂ ಗೊತ್ತಿರ್ಲಿಲ್ಲ. ಇರೋದು ಚಿಪ್ಪು ಒಂದೇಯ. ಏನ್ ಮಾಡ್ತೀಯ?"

ಅವನು ಅಂಗಳದಲ್ಲಿ ಆ ಕಡೆ ಈ ಕಡೆ ನಡೆದ. ಮೂರು ಸಲ ಹೊಸ್ತಿಲು ದಾಟಿ ಹೋದ, ಮೂರು ಸಲ ಬಂದ. ಕೊನೆಗೆ ಅಂದ, "ಊರನ್ನೆಲ್ಲ ಕರಿ. ಒಂದೇ ಒಂದು ಸಲ ಹೇಳಿಬಿಡ್ತೀನಿ. ಆಮೇಲೆ ಕೊಯ್ಯಿ."

ಊರು ಸೇರಿತು. ಬುಟ್ಟಿತಾತ ಬುಟ್ಟಿ ಇಳಿಸಿ ಮುಂದೆ ಕೂತ. ಮಂಡಿಜಡೆ ಕಲ್ಲಿನ ಮೇಲೆ ಹತ್ತಿ ನಾಲ್ಕೂ ಸೀಳನ್ನು ನಾಲ್ಕು ಬೆರಳಿಗೆ ಸುತ್ತಿಕೊಂಡ. ತೋರುಬೆರಳಿಂದ ಗುಂಡನ್ನು ಹೇಳಿದ: ಭೂಮಿ ಅದುರಿತು, ಹಕ್ಕಿ ಹಾರಿದವು, ಎದೆ ಕೊಟ್ಟೆ. ನಡುಬೆರಳಿಂದ ಬೀಸುವ ಕಲ್ಲನ್ನು ಹೇಳಿದ: ಭೂಮಿ ಸ್ವಲ್ಪ ಅದುರಿತು, ಎರಡು ಹಕ್ಕಿ ಹಾರಿದವು, ಎದೆ ಕೊಟ್ಟೆ. ಉಂಗುರದ ಬೆರಳಿಂದ ಹಲಸಿನಹಣ್ಣನ್ನು ಹೇಳಿದ, ಎದೆಗೆಲ್ಲ ಮೇಣ ಹತ್ತಿತು. ಕಿರುಬೆರಳಿಂದ ಕುಂಬಳಕಾಯಿಯನ್ನು ಹೇಳಿದ. ಅದನ್ನೂ ಅದೇ ಗತ್ತಿನಿಂದ, ಗಂಟಲ ನರ ಉಬ್ಬಿಸಿ, ಒಂದು ಚೂರೂ ನಾಚದೆ: "ಕುಂಬಳಕಾಯಿ ಬಂತು! ನಮ್ಮಜ್ಜನ ಚಪ್ಪರದಿಂದ ಕಳಚ್ಕೊಂಡು ಇಳಿಜಾರಲ್ಲಿ ಬಂತು! ಎದೆ ಕೊಟ್ಟೆ!" ಊರು ಶಿಳ್ಳೆ ಹಾಕಿತು. ಹೆಂಗಸರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಗುಂಡಿಗೆ ಸಿಕ್ಕಿದ್ದಕ್ಕಿಂತ ದೊಡ್ಡ ಚಪ್ಪಾಳೆ ಕುಂಬಳಕಾಯಿಗೆ ಸಿಕ್ಕಿತು.

ಆ ಗದ್ದಲದಲ್ಲಿ ಗಾಣದ ಹುಡುಗಿ ಎಲ್ಲಿದ್ದಳು ಅಂತ ಯಾರೂ ನೋಡಲಿಲ್ಲ.

"ಕೊಯ್ಯಿ," ಅಂದ ಮಂಡಿಜಡೆ. ಕಣ್ಣು ಮುಚ್ಚಿದ.

ಚರ್.

ಕಣ್ಣು ಬಿಟ್ಟ. ಸುತ್ತ ನೋಡಿದ.

"ಯಾಕ್ ಎಲ್ಲಾರೂ ಸೇರಿದ್ದೀರಾ? ಯಾರದ್ದಾದ್ರೂ ಮದುವೆನಾ?"

"ನಿನ್ನದೇ ಕಣ್ಲಾ, ನಾಳೆ!" ಅಂತ ಜನ ಬಿದ್ದು ಬಿದ್ದು ನಕ್ಕರು. ತಡೆಯಲಾರದೆ ಇಬ್ಬರು ಮೂವರು ಆ ಕತೆಯನ್ನು ಅವನಿಗೇ ಹೇಳಿದರು. ಅವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿ, "ಕುಂಬಳಕಾಯಿ ನಿಲ್ಲಿಸಿದ್ದಕ್ಕೆ ಇಷ್ಟು ಜಂಬಾನಾ? ಯಾವನ್ಲಾ ಅವನು?" ಅಂದ. ಅಜ್ಜಿ ಬೆನ್ನು ತಟ್ಟಿ, "ಹಗುರಾದೆ, ಹೋಗು" ಅಂದಳು.

ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಕಲ್ಲುಹಾಸಿನ ಮೇಲೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಬುಟ್ಟಿತಾತ ಎರಡೂ ಜಡೆಯ ತುದಿಯನ್ನು ಒಂದು ಕೈಯಲ್ಲಿ ಹಿಡಿದ. ಈಗ ಎರಡೂ ಒಂದೇ ಉದ್ದ, ಒಂದು ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ. ಇಬ್ಬರ ತುದಿಯಲ್ಲೂ ಅದೇ ದಿನ.

"ಗಂಡು ಹೇಳಲಿ," ಅಂದ ತಾತ.

ಮಂಡಿಜಡೆ ತುದಿ ಮುಟ್ಟಿದ. "ನಾನು ಸೋರೆಬುರುಡೆ ಹಿಡ್ಕೊಂಡು ಎಳ್ಳೆಣ್ಣೆಗೆ ಬಂದೆ. ಎತ್ತು ನಿಂತ್ಕಂತು. 'ನಿನ್ನ ಮುಖ ನೋಡಿ ನಿಂತ್ಕಂತು, ಈಗ ನೀನೇ ಎಳಿ' ಅಂತ ಇವಳಂದಳು. ನಾನು ನೊಗ ಹಿಡಿದೆ. ಗಾಣ ಸುತ್ತಿದೆ."

"ಎಷ್ಟು ಸುತ್ತು?" ಅಂತ ತಾತ ಕೇಳಿದ.

ಊರೆಲ್ಲ ಎದುರಿಗಿದೆ. ಹೆಣ್ಣಿನ ಕಡೆಯವರು ಎದುರಿಗಿದ್ದಾರೆ. ಅವನ ನಾಲಗೆಗೆ ಮೂವತ್ತು ಬಂತು. ಹಲ್ಲಿನವರೆಗೂ ಬಂತು. ಬೆರಳ ಕೆಳಗೆ ಕೂದಲು ನುಣ್ಣಗೆ, ಒಂದಾಗಿ, ಸೀಳಿಲ್ಲದೆ ಇತ್ತು.

"ಮೂರು," ಅಂದ. "ಮೂರೇ. ಆಮೇಲೆ ತಲೆ ತಿರುಗಿ ಎತ್ತಿನ ಪಕ್ಕ ಕೂತ್ಕಂಡೆ. ಇವಳು ಹಿಂಡಿಗೆ ಬೆಲ್ಲ ಕಲಸಿ ನನಗೊಂದು ಹಿಡಿ, ಎತ್ತಿಗೊಂದು ಹಿಡಿ ಕೊಟ್ಟಳು."

ಅವನ ಬಾಯಿಂದ ಅಷ್ಟು ಚಿಕ್ಕ ಸಂಖ್ಯೆಯನ್ನು ಆ ಊರು ಅದೇ ಮೊದಲು ಕೇಳಿದ್ದು.

"ಹೆಣ್ಣು ಹೇಳಲಿ."

ಗಾಣದ ಹುಡುಗಿ ತುದಿ ಮುಟ್ಟಿದಳು. "ಸೋರೆಬುರುಡೆ ಹಿಡ್ಕೊಂಡು ಬಂದ. ಎತ್ತು ನಿಂತ್ಕಂತು. ಮೂರು ಸುತ್ತು..." ಅಲ್ಲಿಗೆ ಮಾತು ಎರಡಾಯಿತು. "ಎತ್ತು ನಿಲ್ಲಲೇ ಇಲ್ಲ. ಬಂದೋನು ಇವನಲ್ಲ, ಕುಂಬಾರರ ಹುಡುಗ. ಅಯ್ಯೋ, ಇವನೇ! ಕುಂಬಾರರವನು. ಇವನು!"

ಜನ ಎದ್ದು ನಿಂತರು. ಕುಂಬಾರರ ಹುಡುಗ "ನಾನು ಎಣ್ಣೆ ತರಕ್ಕೆ ಹೋದೋನೇ ಅಲ್ಲ!" ಅಂತ ತನ್ನ ಜಡೆ ಹಿಡಿದು ಕೂಗಿದ. ಚಿಪ್ಪಿನಜ್ಜಿ ಬಂದು ಅವಳ ತುದಿಯನ್ನು ಬಿಸಿಲಿಗೆ ಹಿಡಿದಳು. ಅಷ್ಟು ಎಣ್ಣೆ ಕುಡಿದ ಜಡೆಗೂ ತುದಿ ಎರಡಾಗಿತ್ತು.

"ಎಷ್ಟು ಅಮಾಸೆ ನನ್ನ ಕಣ್ಣು ತಪ್ಪಿಸಿದ್ದೀಯ ಮಗಾ?"

"ನಾಲ್ಕು," ಅಂದಳು ಹುಡುಗಿ. "ಕೊಯ್ಯಿಸ್ತಾ ಕೊಯ್ಯಿಸ್ತಾ ಆ ದಿನಾನೇ ತುದಿಗೆ ಬಂದ್ಬಿಡ್ತು ಅಜ್ಜಿ. ಹೆಂಗೆ ಕೊಡ್ಲಿ? ಅದಕ್ಕೇ ಬೇಗ ಹೊಂದಿಸ್ಕಳಾನ ಅಂತ ಬಡ್ಕಂಡೆ. ಈ ಪುಣ್ಯಾತ್ಮ ಮೀಸೆ ತಿರುವ್ತಾ ಕೂತಿದ್ದ."

ಬೆನ್ನ ಹಿಂದೆ ಅವಳು ಅಳುವುದು ಮಂಡಿಜಡೆಯ ಬೆನ್ನಿಗೆ ಗೊತ್ತಾಗುತ್ತಿತ್ತು. ತಿರುಗುವಂತಿಲ್ಲ, ತಿರುಗಿದರೆ ಎದ್ದ ಹಾಗೆ. ಅವನು ಎದುರಿಗಿದ್ದ ಊರನ್ನು ನೋಡುತ್ತಲೇ ಅಂದ.

"ಕೊಯ್ಸಿಬಿಡು."

"ಕೊಯ್ದರೆ ಆ ದಿನ ಹೋಯ್ತದೆ!"

"ನಿನ್ನ ಹತ್ರ ಹೋಯ್ತದೆ. ನನ್ನ ಹತ್ರ ಅದೆ. ನಾನು ಹೇಳ್ತೀನಿ. ನನ್ನ ಬಾಯಿಂದ ಕೇಳಿದ್ದು ನಿನ್ನ ಇವತ್ತಿನ ಕೂದ್ಲಿಗೆ ಹತ್ತತದೆ."

ಜನರಲ್ಲಿ ಗುಜುಗುಜು ಎದ್ದಿತು. ಹೆಣ್ಣಿನ ಕಡೆಯವನೊಬ್ಬ ಕೂಗಿದ, "ಇವನ ಬಾಯಿಂದಲಾ? ಎರಡು ದಿನಕ್ಕೆ ಗಾಣ ಅನ್ನೋದು ಬೆಟ್ಟ ಆಗಿರ್ತದೆ, ಎತ್ತು ಅನ್ನೋದು ಹುಲಿ ಆಗಿರ್ತದೆ!"

ಹುಡುಗಿ ಮೂಗು ಒರೆಸಿಕೊಂಡಳು. "ಮೂವತ್ತು ಅನ್ನೋ ಬಾಯಿ ಅದು ಮಾವ. ಊರೆಲ್ಲ ನೋಡ್ತಿರುವಾಗ ಮೂರು ಅಂತು. ನನಗಷ್ಟು ಸಾಕು. ಅಜ್ಜಿ, ಕೊಯ್ಯಿ."

ಚರ್.

ಬುಟ್ಟಿತಾತ ತನ್ನ ಬುಟ್ಟಿಯಲ್ಲಿ ಕೈ ಹಾಕಿ, ಮೂವತ್ತು ವರ್ಷದ ಕೂದಲನ್ನು ಮೊಳ ಮೊಳ ಎಳೆದು ತಡಕಿದ. ಹಿಂದೆ ಇಂಥದ್ದು ಆದ ಉದಾಹರಣೆ ಸಿಗಲಿಲ್ಲ. ಬೆವರು ಒರೆಸಿಕೊಂಡು ಅಂದ, "ಇಬ್ಬರು ಹೇಳಿದ್ದು ಹೊಂದಬೇಕು ಅಂತ ಕಟ್ಟಳೆ. ಎಲ್ಲಿಂದ ತಿಳ್ಕಂಡು ಹೇಳಬೇಕು ಅಂತ ಕಟ್ಟಳೆ ಇಲ್ಲ. ಇವನು ಹೇಳಲಿ, ಅವಳು ಕೇಳಲಿ. ಕೇಳಿದ್ದನ್ನ ಅವಳು ಹೇಳಲಿ. ಹೊಂದದೆ ಎಲ್ಲಿಗೆ ಹೋಯ್ತದೆ?"

ಮಂಡಿಜಡೆ ಹೇಳಿದ. ಸೋರೆಬುರುಡೆ, ಎತ್ತು, ನೊಗ, ಮೂರು ಸುತ್ತು, ಬೆಲ್ಲ ಕಲಸಿದ ಹಿಂಡಿ. ಹುಡುಗಿ ಬೆನ್ನ ಹಿಂದಿನಿಂದ, ಹೊಸ ಕತೆ ಕೇಳುವವರ ಹಾಗೆ, "ಆಮೇಲೆ? ಆಮೇಲೆ?" ಅನ್ನುತ್ತ ಕೇಳಿದಳು. ಮೂರಕ್ಕೇ ತಲೆ ತಿರುಗಿತಾ ಅಂತ ನಕ್ಕಳು. ನಕ್ಕು, ಅದನ್ನೇ ಹೇಳಿದಳು. ಹೊಂದಿತು. ಜಡೆಗೆ ಜಡೆ ಸೇರಿಸಿ ಹೆಣೆದರು, ಒಣಗಿದ ಕೂದಲಿಗೆ, ಎಣ್ಣೆ ಮುಟ್ಟಿಸಿ, ಬಿಗಿಯದೆ.

ಮುಂದಿನ ಅಮಾವಾಸ್ಯೆಗೆ ಅಜ್ಜಿ ಬಂದಾಗ ಅವನು ತಾನಾಗಿ ತುದಿ ಕೊಟ್ಟ. ಗಾಣದ ದಿನ ಅವನಿಂದ ಹೋಯಿತು. ಆ ಸಂಜೆ ಬಿಸಿಲು ಇರುವಾಗಲೇ ಅವಳು ಅವನನ್ನು ಕರೆದು ಕೂರಿಸಿ, ತನ್ನ ಬುಡಗೂದಲು ಮುಟ್ಟಿಕೊಂಡು, ಆ ದಿನವನ್ನು ಹೇಳಿದಳು. ಅವನು ಬಾಯಿ ತೆರೆದುಕೊಂಡು ಕೇಳಿದ. ಎಷ್ಟು ಸುತ್ತು ಅಂತ ಕೇಳಿದ. ಅವಳು ಒಂದನ್ನೂ ಹೆಚ್ಚಿಸದೆ ಹೇಳಿದಳು.

ಕೊನೆಗೆ ಅವನಿಗೆ ದಕ್ಕಿದ್ದು ಇಷ್ಟು: ಗಾಣದ ಮನೆಯ ಜಗಲಿಯಲ್ಲಿ ಅವಳ ಪಕ್ಕದ ಜಾಗ, ಮತ್ತು ಅವಳು ಮರೆತಾಗ ಆ ದಿನವನ್ನು ಅವಳಿಗೆ ಹೇಳುವ ಕೆಲಸ.